ದೋಹಾ ಬಿಸಿಲಲ್ಲಿ ನನ್ನ ಬಿಳಿ ಡಬ್ಬಿ

ಎ.ಸಿ. ಕಾರಿನಲ್ಲಿ ಓಡಾಡಿದವರಿಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಹತ್ತಿದರು, ಹೋದರು, ಇಳಿದರು. ಎ.ಸಿ. ಇಲ್ಲದ ಸಣ್ಣ ಕಾರಿನಲ್ಲಿ ಕತಾರಿನ ಒಂದು ಬೇಸಿಗೆ ಕಳೆದು ನೋಡಿ. ನೀವು ಬೇಡವೆಂದರೂ ವಾರಕ್ಕೊಂದು ಪ್ರಸಂಗ ಆಗಿಯೇ ಆಗುತ್ತದೆ. ನನಗೆ ಆದವುಗಳಲ್ಲಿ ನಾಲ್ಕು ಮಂದಿಯ ಮುಂದೆ ಹೇಳಬಹುದಾದವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಕರಾರು

ತೊಂಬತ್ತರ ದಶಕದ ಮಾತು. ನಾವು ಓಲ್ಡ್ ಏರ್‌ಪೋರ್ಟ್ ಏರಿಯಾದ ಒಂದು ಫ್ಲ್ಯಾಟಿನಲ್ಲಿದ್ದೆವು. ನಮ್ಮ ಯಜಮಾನರು ಕಟ್ಟಡದ ಕಂಪನಿಯಲ್ಲಿ ಫೋರ್‌ಮನ್. ನಾನು ಮನೆಯಲ್ಲಿ ಮಷೀನ್ ಇಟ್ಟುಕೊಂಡು ಬ್ಲೌಸು, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದೆ. ಅಳತೆ ತೆಗೆಯಲು ಮನೆಮನೆಗೆ ಹೋಗಬೇಕು. ಯಜಮಾನರ ಪಿಕಪ್ ಯಾವಾಗ ಬಿಡುವಾಗುತ್ತದೆ ಎಂದು ಬ್ಯಾಗು ಹಿಡಿದು ಬಾಗಿಲಲ್ಲಿ ಕಾಯುವುದು ನನಗೆ ಸಾಕಾಗಿ ಹೋಗಿತ್ತು. ಲೈಸೆನ್ಸ್ ಮಾಡಿಸಿಕೊಂಡೆ, ಹೊಲಿಗೆಯ ದುಡ್ಡಿನಲ್ಲೇ ಹಳೆಯದೊಂದು ಬಿಳಿ ಕಾರು ಕೊಂಡೆ. ಎ.ಸಿ. ಕೆಟ್ಟಿದೆ ಎಂದು ಮಾರಿದವನು ಮೊದಲೇ ಹೇಳಿದ್ದ. ಕೊಂಡದ್ದು ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ.

ಯಜಮಾನರು ಕಾರನ್ನು ಒಂದು ಸುತ್ತು ಹಾಕಿ ನೋಡಿ, ಬಾಗಿಲು ಬಡಿದರು. "ಇದು ಕಾರಲ್ಲ, ಡಬ್ಬಿ. ಒಂದ ಸಲ ಈ ಡಬ್ಬಿ ರಸ್ತೆದಾಗ ನಿಂತು, ಬಂದು ಎಳಕೊಂಡು ಹೋಗ್ರಿ ಅಂತ ನನಗ ಫೋನ್ ಬಂತಂದ್ರ, ಮರುದಿವಸನ ಮಾರಿಬಿಡೂದು. ಆಮ್ಯಾಲ ಎಲ್ಲಿಗೆ ಹೋಗೂದಿದ್ರೂ ನನ್ನ ಜೋಡಿ."

"ಗಣಪತಿ ಹಬ್ಬದ ತನಕ ಎಲ್ಲೂ ನಿಲ್ಲದಿದ್ರ?"

"ನಿಲ್ಲದಿದ್ರ ಈ ಡಬ್ಬಿ ಬಗ್ಗೆ ಮತ್ತ ಬಾಯಿ ತಗಿಯೂದಿಲ್ಲ."

"ಆತು, ಮಾತು ಅಂದ್ರ ಮಾತು" ಎಂದೆ. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಅವರು ಬಾಯಿ ತೆಗೆಯುವುದಿಲ್ಲ ಎಂದು ಹೇಳಿದ್ದು ಅದೇ ಮೊದಲು. ಅದಕ್ಕಾದರೂ ಆ ಕಾರನ್ನು ಓಡಿಸಲೇಬೇಕು ಅನ್ನಿಸಿತು.

ಹೂವಿನ ಕೈಗವಸು

ಜೂನ್ ಬಂತು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಸ್ಟೇರಿಂಗ್ ಎಂದರೆ ಒಲೆಯ ಮೇಲಿನ ಹಂಚು. ಮೊದಲ ದಿನ ಅಂಗೈ ಸುಟ್ಟುಕೊಂಡೆ. ಎರಡನೆಯ ದಿನ ಅಡಿಗೆಮನೆಯ ಮಸಿಅರಿವೆ ತಂದು ಹಿಡಿದೆ, ಜಾರಿತು. ಮೂರನೆಯ ದಿನ ಬ್ಲೌಸಿನ ಚೂರುಗಳ ನಡುವೆ ಹತ್ತಿ ತುಂಬಿ ಎರಡು ಕೈಗವಸು ಹೊಲಿದೆ. ಕೆಂಪು ಬಟ್ಟೆ, ಮೇಲೆ ಹಳದಿ ಹೂವು. ಅವನ್ನು ಹಾಕಿಕೊಂಡು ಓಡಿಸತೊಡಗಿದೆ.

ಒಂದು ಸಿಗ್ನಲಿನಲ್ಲಿ ಪೊಲೀಸನೊಬ್ಬ ಪಕ್ಕಕ್ಕೆ ನಿಲ್ಲಿಸಲು ಕೈ ತೋರಿಸಿದ. ಲೈಸೆನ್ಸ್ ನೋಡಿದ, ಕಾಗದ ನೋಡಿದ, ಎಲ್ಲ ಸರಿ ಇತ್ತು. ಕೊನೆಗೆ ನನ್ನ ಕೈಗಳ ಕಡೆ ಬೆರಳು ಮಾಡಿ, "ಶೂ ಹಾದಾ?" ಎಂದ. ಏನಿದು ಅಂತ. ನನಗೆ ಅರಬ್ಬಿಯಲ್ಲಿ ಅಷ್ಟೆಲ್ಲ ವಿವರಿಸಲು ಬರುತ್ತಿರಲಿಲ್ಲ. ಸೀಟ್ ಬೆಲ್ಟಿನ ಕಬ್ಬಿಣದ ತುದಿಯನ್ನು ಕಿಟಕಿಯಿಂದ ಅವನ ಕೈಗೆ ಕೊಟ್ಟೆ.

ಅವನು ಹಾರಿದ ಎತ್ತರ ಇನ್ನೂ ಕಣ್ಣ ಮುಂದಿದೆ. ಬೆರಳು ಬಾಯಲ್ಲಿಟ್ಟುಕೊಂಡೇ "ಯಲ್ಲಾ, ಯಲ್ಲಾ" ಎಂದು ಕಳಿಸಿಬಿಟ್ಟ.

ಮುಂದಿನ ವಾರ ಅದೇ ಸಿಗ್ನಲಿನಲ್ಲಿ ಮತ್ತೆ ಕೈ ತೋರಿಸಿದ. ಈ ಸಲ ದಂಡ ಖಂಡಿತ ಎಂದುಕೊಂಡೆ. ಅವನು ಹತ್ತಿರ ಬಂದು, ಅತ್ತ ಇತ್ತ ನೋಡಿ, ತನ್ನ ಎರಡೂ ಅಂಗೈಗಳನ್ನು ಅಳತೆ ಕೊಡುವಂತೆ ಕಿಟಕಿಯಲ್ಲಿ ಚಾಚಿದ.

ಒಣಗಿದ ಮೆಣಸಿನಕಾಯಿ

ಬಿಸಿಲನ್ನು ಬೈಯುತ್ತ ಕೂತರೆ ಅದೇನು ಕಡಿಮೆಯಾಗುತ್ತದೆಯೇ? ಹಪ್ಪಳ ಸಂಡಿಗೆ ಒಣಹಾಕಲು ನಮ್ಮ ಫ್ಲ್ಯಾಟಿಗೆ ಮಾಳಿಗೆ ಇರಲಿಲ್ಲ, ಕಾರಿತ್ತು. ಗ್ಲಾಸು ಏರಿಸಿ ನಿಲ್ಲಿಸಿದರೆ ಒಳಗೆ ನೊಣವಿಲ್ಲ, ಧೂಳಿಲ್ಲ, ಕಾಗೆಯ ಕಾಟವಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಸಂಡಿಗೆ ಇಟ್ಟೆ, ಹಿಂದಿನ ಗಾಜಿನ ಕೆಳಗೆ ಹಪ್ಪಳ ಹರಡಿದೆ. ಊರಲ್ಲಿ ಎರಡು ದಿನ ಬೇಕಾಗುವುದು ಇಲ್ಲಿ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಗರಿಗರಿ.

ಕೆಳಗಿನ ಮನೆಯವರು ಮೈಸೂರಿನ ಕಡೆಯವರು, ಆ ಮನೆಯ ಯಜಮಾನರಿಗೆ ವೆಸ್ಟ್ ಬೇಯಲ್ಲಿ ಆಫೀಸು ಕೆಲಸ. ಅವರ ಹೆಂಡತಿ ನನ್ನ ಕಾರಿನೊಳಗೆ ಇಣುಕಿ, "ಏನ್ರೀ ಇದು, ಕಾರಲ್ಲಿ ಸಂಡಿಗೆ ಇಡ್ತಾರಾ ಯಾರಾದ್ರೂ! ನೋಡಿದೋರು ಏನಂದ್ಕೋತಾರೆ?" ಎಂದು ನಕ್ಕರು. ಎಂಟು ದಿನ ಕಳೆದ ಮೇಲೆ ಅವರೇ ತಟ್ಟೆ ಹಿಡಿದು ಬಂದು, "ನಿಮ್ಮ ಹಿಂದಿನ ಸೀಟು ಖಾಲಿ ಇದೆಯೇನ್ರೀ?" ಎಂದರು.

ಒಂದು ಬೆಳಿಗ್ಗೆ ಅವರ ಯಜಮಾನರ ಕಾರು ಸ್ಟಾರ್ಟ್ ಆಗಲಿಲ್ಲ. ನಾನು ಆ ಕಡೆಯೇ ಹೊರಟಿದ್ದೆ, ಹತ್ತಿಸಿಕೊಂಡೆ. ಹಿಂದಿನ ದಿನವೆಲ್ಲ ಕಾರಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿತ್ತು ಎಂಬುದು ನನ್ನ ನೆನಪಿಗೆ ಬಂದದ್ದು ಅವರು ಐದನೆಯ ಸೀನು ಸೀನಿದ ಮೇಲೆ. ಉಳಿದ ಕಿಟಕಿಗಳನ್ನೂ ಇಳಿಸಿದೆ. ಅದು ತಪ್ಪಾಯಿತು, ಮೂಲೆಯಲ್ಲಿದ್ದ ಘಾಟೆಲ್ಲ ಎದ್ದು ಬಂತು. ಆಫೀಸಿನ ಬಾಗಿಲಲ್ಲಿ ಇಳಿಯುವಾಗ ಅವರ ಎರಡೂ ಕಣ್ಣು ಕೆಂಪಾಗಿ ನೀರು ಧಾರೆಯಾಗಿ ಹರಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವರನ್ನು ನೋಡಿದ ಮ್ಯಾನೇಜರು ಊರಿನಿಂದ ಕೆಟ್ಟ ಸುದ್ದಿ ಬಂದಿರಬೇಕೆಂದು ತಿಳಿದು, ಏನನ್ನೂ ಕೇಳದೆ, ಬೆನ್ನು ಸವರಿ, ಎರಡು ದಿನ ರಜೆ ಕೊಟ್ಟು ಕಳಿಸಿದರಂತೆ.

ನಾನು ಸಂಜೆ ಕ್ಷಮೆ ಕೇಳಲು ಹೋದೆ. ಅವರು ಸೋಫಾದಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. "ಅದಿರಲಿ ಬಿಡಿ" ಎಂದರು. "ಮೆಣಸಿನಕಾಯಿ ಮತ್ತೆ ಯಾವಾಗ ಒಣಗಿಸ್ತೀರಿ?"

ನೆರಳಿನ ಗಡಿಯಾರ

ಕೆಲಸಕ್ಕೆ ಹೋಗದ ದಿನ ಕಾರನ್ನು ನೆರಳಲ್ಲಿ ಇಡುವುದೇ ಒಂದು ಕೆಲಸ. ಕಟ್ಟಡದ ನೆರಳು ಸರಿದಂತೆಲ್ಲ ನಾನೂ ಇಳಿದು ಹೋಗಿ ಕಾರು ಸರಿಸುತ್ತಿದ್ದೆ. ಬೆಳಿಗ್ಗೆ ಹಾಲಿನಂಗಡಿಯ ಪಕ್ಕ, ಮಧ್ಯಾಹ್ನ ಕಟ್ಟಡದ ಗೋಡೆಗೆ ಅಂಟಿಕೊಂಡು, ಸಂಜೆ ಕಸದ ಡಬ್ಬಿಯ ಹತ್ತಿರ.

ಒಂದು ದಿನ ಅಳತೆ ತೆಗೆಯಲೆಂದು ಅಲ್ ಖೋರಿಗೆ ಹೋಗಿ ಸಂಜೆ ಬಂದೆ. ಇಡೀ ಕಟ್ಟಡದಲ್ಲಿ ನೀರಿಲ್ಲ. ಮಂದಿಯೆಲ್ಲ ಬಕೆಟ್ ಹಿಡಿದುಕೊಂಡು ವಾಚ್‌ಮನ್ನನ ಸುತ್ತ ನಿಂತು ಬೈಯುತ್ತಿದ್ದರು. ಅವನು ನನ್ನನ್ನು ಕಂಡದ್ದೇ ತಡ, ಅವರಿಗಿಂತ ಜೋರಾಗಿ ನನ್ನ ಮೇಲೆ ಹರಿಹಾಯ್ದ: "ಹೇಳದೆ ಕೇಳದೆ ಎಲ್ಲಿಗೆ ಹೋಗಿದ್ರಿ ಅಕ್ಕಾ? ನಿಮ್ಮ ಕಾರು ಗೋಡೆಗೆ ಬರದೆ ನೀರಿನ ಮೋಟಾರು ಹಾಕೋ ಹೊತ್ತಾಯ್ತು ಅಂತ ನನಗೆ ಹೇಗೆ ಗೊತ್ತಾಗೋದು?"

ಪುಸ್ತಕದಲ್ಲಿ ಇದ್ದದ್ದು

ಆಗಸ್ಟಿನಲ್ಲಿ ಮುಳ್ಳು ಏರತೊಡಗಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು. ಕೆಂಪು ಗೆರೆ ಮುಟ್ಟಿದರೆ ಕಾರು ನಿಲ್ಲುತ್ತದೆ, ಕಾರು ನಿಂತರೆ ಮಾರಾಟ. ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು.

ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವೊಂದಿತ್ತು. ನಾನು ಶಾಲೆ ಬಿಟ್ಟದ್ದು ಮೂರನೆಯ ಇಯತ್ತೆಗೆ. ಕನ್ನಡ ಓದಲು ಕಲಿತದ್ದು ಕಿರಾಣಿ ಕಟ್ಟಿ ಕೊಡುವ ಕಾಗದದಿಂದ, ಇಂಗ್ಲಿಷ್ ಅಕ್ಷರ ಕಲಿತದ್ದು ಹೊಲಿಗೆ ಮಷೀನಿನ ಚೀಟಿಯಿಂದ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಅರ್ಧ ಪುಟದಂತೆ ಓದಿದೆ. ಎಂಜಿನ್ ಅತಿಯಾಗಿ ಕಾದರೆ ಹೀಟರು ಪೂರ್ತಿ ಹಾಕಿರಿ, ಫ್ಯಾನು ಜೋರಾಗಿಡಿರಿ ಎಂದು ಬರೆದಿತ್ತು. ಮೂರು ಸಲ ಓದಿದೆ, ಹಾಗೆಯೇ ಇತ್ತು. ಎಂಜಿನ್ನಿನ ಬಿಸಿಯನ್ನು ಹೀಟರು ನಮ್ಮ ಕಡೆ ತಳ್ಳುತ್ತದೆ, ಎಂಜಿನ್ ತಣ್ಣಗಾಗುತ್ತದೆ. ಅಂದರೆ ಇಬ್ಬರಲ್ಲಿ ಒಬ್ಬರು ಬೇಯಬೇಕು. ನಾನೇ ಬೇಯುತ್ತೇನೆ ಎಂದು ನಿರ್ಧರಿಸಿದೆ.

ಹೀಗೆ ಬೇಯುತ್ತಲೇ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿಗೆ ಹೋದೆ. ಮಲಯಾಳಿ ಮೆಕ್ಯಾನಿಕ್ ಬಾಗಿಲು ತೆಗೆದವನು ಒಳಗಿನ ಗಾಳಿ ಮುಖಕ್ಕೆ ಬಡಿದು ಎರಡು ಹೆಜ್ಜೆ ಹಿಂದಕ್ಕೆ ಹೋದ. ರೇಡಿಯೇಟರ್ ಕಟ್ಟಿಕೊಂಡಿದೆ, ಬೇರೆಯದು ದುಬೈಯಿಂದ ಬರಬೇಕು, ಅಲ್ಲಿಯವರೆಗೆ ಹೀಟರು ಹಾಕಿಯೇ ಓಡಿಸಿ ಎಂದ. ಆಮೇಲೆ ಕೇಳಿದ: "ಅಲ್ಲ ಚೇಚಿ, ಈ ಉಪಾಯ ನಿಮಗೆ ಹೇಳಿದ್ದು ಯಾರು?"

"ಪುಸ್ತಕದಲ್ಲಿದೆ."

"ಹದಿನೈದು ವರ್ಷದಿಂದ ರಿಪೇರಿ ಮಾಡ್ತಿದೀನಿ, ಒಂದು ದಿನಾನೂ ಆ ಪುಸ್ತಕ ತೆಗೆದಿಲ್ಲ."

"ಅದಕ್ಕೇ ನಿನ್ನ ಗ್ಯಾರೇಜಿನಲ್ಲಿ ಇಷ್ಟು ಕಾರು ನಿಂತಿವೆ" ಎಂದೆ.

ಅತ್ತೆಯವರ ಸ್ವೆಟರು

ರೇಡಿಯೇಟರ್ ದುಬೈಯಿಂದ ಬರುವ ಮೊದಲೇ ಗದಗಿನಿಂದ ನಮ್ಮ ಅತ್ತೆ ಬಂದರು. ಹಬ್ಬಕ್ಕೆ ಮೂರು ದಿನವಿತ್ತು. ಯಜಮಾನರ ಪಿಕಪ್ ಸೈಟಿನಲ್ಲಿತ್ತು. ಬೇರೆ ದಾರಿಯಿಲ್ಲದೆ ಯಜಮಾನರು ನನ್ನ ಡಬ್ಬಿಯಲ್ಲೇ ವಿಮಾನ ನಿಲ್ದಾಣಕ್ಕೆ ಬಂದರು. ದಾರಿಯುದ್ದಕ್ಕೂ ಅವರ ಕಣ್ಣು ಮುಳ್ಳಿನ ಮೇಲೆ, ತುಟಿಯಲ್ಲಿ ನಗು.

ಅತ್ತೆ ಹೊರಗೆ ಬಂದರು. ಮೈಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಶಾಲು, ಕಿವಿಗೆ ಮಫ್ಲರು. ಫಾರಿನ್ ಅಂದರೆ ಥಂಡಿ ಎಂದು ಓಣಿಯಲ್ಲಿ ಯಾರೋ ಹೇಳಿದ್ದರಂತೆ.

"ಅವ್ವಾ, ಇಲ್ಲಿ ಥಂಡಿ ಇಲ್ಲಂತ ಫೋನಿನ್ಯಾಗ ಹೇಳಿದ್ನೆಲ್ಲ" ಎಂದರು ಯಜಮಾನರು.

"ಸುಳ್ಳ ಹೇಳಬ್ಯಾಡ. ವಿಮಾನದಾಗ ನನ್ನ ಮೊಣಕಾಲು ಹೆಪ್ಪುಗಟ್ಟ್ಯಾವು."

"ಈಗ ಮಾರಿಗೆ ಝಳ ಬಡಿಯಾಕತ್ತೈತೆಲ್ಲ, ಇದೇನು?"

ಅತ್ತೆ ಮಫ್ಲರು ಬಿಗಿ ಮಾಡಿಕೊಂಡರು. ಹಣೆಯ ಮೇಲೆ ಬೆವರಿತ್ತು. "ಇದು ವಿಮಾನದ ಬಿಸಿ" ಎಂದು ಮುಂದೆ ನಡೆದರು. ಸೋಲು ಒಪ್ಪಿಕೊಳ್ಳದ ಹೆಂಗಸನ್ನು ನೋಡಿದರೆ ನನಗೆ ಮೊದಲಿನಿಂದಲೂ ಗೌರವ.

ಅತ್ತೆ ನನ್ನ ಪಕ್ಕ ಕೂತರು. ಯಜಮಾನರು ಹಿಂದೆ, ರೊಟ್ಟಿಯ ಗಂಟು, ಚಟ್ನಿಪುಡಿ ಡಬ್ಬಿಗಳ ನಡುವೆ. ಮೊದಲು ಸಮುದ್ರ ನೋಡಬೇಕು ಎಂದರು ಅತ್ತೆ. ಕಾರ್ನಿಷ್ ಕಡೆ ತಿರುಗಿಸಿದೆ. ರೌಂಡ್‌ಅಬೌಟಿನಲ್ಲಿ ಕಾರುಗಳ ಸಾಲು, ಮುಳ್ಳು ಸರಸರ ಏರಿತು.

"ಮುಗೀತು ಇದರ ಕಥಿ" ಎಂದರು ಯಜಮಾನರು ಹಿಂದಿನಿಂದ.

ನಾನು ಹೀಟರು ಹಾಕಿದೆ, ಪೂರ್ತಿ.

ಬಿಸಿಗಾಳಿ ಭರ್ರೆಂದು ಅತ್ತೆಯ ಮೊಣಕಾಲಿಗೆ ಬಡಿಯಿತು. ಅವರು ಕಾಲು ಇನ್ನಷ್ಟು ಮುಂದೆ ಚಾಚಿದರು. "ಆಹಾ! ನೋಡೋ, ಥಂಡಿ ಇಲ್ಲಂದಿ. ಥಂಡಿ ಇಲ್ಲದ ಊರಾಗ ಕಾರಿಗೆ ಇದನ್ಯಾಕ ಇಡ್ತಿದ್ರು? ಯವ್ವಾ, ಆ ಗ್ಲಾಸ ಏರ್ಸು, ಕಿವಿಗೆ ಗಾಳಿ ಹೊಗತೈತಿ."

ಏರಿಸಿದೆ. ಹಿಂದಿನವೂ ಏರಿಸಲ್ಪಟ್ಟವು, ಅತ್ತೆ ತಿರುಗಿ ಕಣ್ಣು ಬಿಟ್ಟ ಕಾರಣಕ್ಕೆ. ಮುಳ್ಳು ನಿಧಾನವಾಗಿ ಇಳಿಯಿತು. ನನ್ನ ಬೆನ್ನ ಮೇಲೆ ಬೆವರಿನ ಹೊಳೆ ಹರಿಯುತ್ತಿತ್ತು, ಆದರೆ ನಾನು ತುಟಿ ಬಿಚ್ಚಲಿಲ್ಲ. ಅತ್ತೆಯೂ ಸ್ವೆಟರಿನ ಒಂದು ಗುಂಡಿ ಬಿಚ್ಚಲಿಲ್ಲ.

"ಏ, ನಿಲ್ಲಸ!" ಎಂದು ಹಿಂದಿನಿಂದ ಕೂಗು ಬಂತು. "ಸಾಯ್ತೀನಿ, ನಿಲ್ಲಸ!"

"ಹ್ಯಾಂಗ ನಿಲ್ಲಸಲ್ರಿ? ರಸ್ತೆದಾಗ ನಿಂತ್ರ ಮಾರೂದು ಅಂದೀರಿ."

"ಮಾರೂದಿಲ್ಲ!"

"ಹಬ್ಬಕ್ಕ ಇನ್ನೂ ಮೂರ ದಿನ ಐತಿ."

"ಎಂದೂ ಮಾರೂದಿಲ್ಲ! ನಮ್ಮವ್ವನ ಆಣಿ, ನಿಲ್ಲಸ!"

"ನನ್ನ ಆಣಿ ಯಾಕ ಇಡ್ತಿ, ಜೀವಂತ ಮುಂದ ಕುಂತೀನಿ" ಎಂದು ಅತ್ತೆ ಗದರಿದರು.

ಸಮುದ್ರದ ದಂಡೆಗೆ ನಿಲ್ಲಿಸಿದೆ, ಎಂಜಿನ್ ಆರಿಸದೆ. ಯಜಮಾನರು ಬಾಗಿಲು ಒದ್ದುಕೊಂಡು ಹೊರಗೆ ಬಿದ್ದರು. ಅಂಗಿ ನೀರಲ್ಲಿ ಅದ್ದಿ ತೆಗೆದಂತಾಗಿತ್ತು. ಮುಖ ಕೆಂಪು ಕೆಂಡ. ಸಿಟ್ಟಿಗೆ ಅಡಿಯಿಂದ ಮುಡಿಯವರೆಗೆ ಗಡಗಡ ನಡುಗುತ್ತ, ಟ್ಯಾಕ್ಸಿಗೆ ಕೈ ಮಾಡಿದರು.

ಅತ್ತೆ ಗಾಜಿನಿಂದಲೇ ಮಗನನ್ನು ಮೇಲಿಂದ ಕೆಳಗೆ ನೋಡಿ, ಶಾಲು ಬಿಗಿಯಾಗಿ ಎಳೆದುಕೊಂಡರು.

"ನೋಡವ್ವಾ, ಹ್ಯಾಂಗ ನಡಗಾಕತ್ತಾನ. ಸಣ್ಣಾಂವ ಇದ್ದಾಗಿಂದ ಅವಗ ಥಂಡಿ ತಡಿಯೂದಿಲ್ಲ. ನೀ ಹೊಡಿ."