ಬೈದು ಕೊಳ್ಳುವ ಬಂಗಲೆ

ಮೋಹನದಾಸ್ ತೆಂಗಿನಕಾಯಿಯನ್ನು ಬೈಯದೆ ಕೊಂಡವನೇ ಅಲ್ಲ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹಿಂದೆ ತಿಂಡಿ ಹೋಟೆಲು ನಡೆಸುವ ಅವನು ದಿನಾ ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗಿ, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ದೇವರಿಗೆ ಒಡೆಯಲಿಕ್ಕೂ ನಾಲಾಯಕ್ಕು ಎಂದು ಮುಖ ಸಿಂಡರಿಸಿದರೆ ವ್ಯಾಪಾರಿ ಬೆಲೆ ಇಳಿಸಲೇಬೇಕು. ಬಂಗಲೆ ಕೊಳ್ಳುವುದಕ್ಕೂ ಅದೇ ವಿದ್ಯೆ ಸಾಕೆಂದು ನಂಬಿದ್ದೇ ಎಡವಟ್ಟಾಯಿತು.

ಸಹಕಾರನಗರದ ಓಣಿಯೊಂದರ ಕೊನೆಗೆ ಆ ಹಳೆಯ ಬಂಗಲೆ. ಮನೆ ಅಷ್ಟಕ್ಕಷ್ಟೆ, ಹೆಂಚಿನ ಮಾಡು, ನಾಲ್ಕು ಕೋಣೆ. ಸುತ್ತಲಿನ ಜಾಗ ಮಾತ್ರ ದನ ಮೇಯಿಸುವಷ್ಟು. ಮದುವೆಯಾದಂದಿನಿಂದ ಹೋಟೆಲಿನ ಮೇಲಿನ ಕೋಣೆಯಲ್ಲಿ ಸಾಂಬಾರಿನ ಘಾಟು ಹೊದ್ದು ಮಲಗಿದ ಕುಸುಮಳಿಗೆ ಅಂಗಳವಿರುವ ಮನೆಯೊಂದೇ ಆಸೆ. ಗಂಡನಿಗೂ ಅದೇ ಆಸೆ, ಆದರೆ ತೋರಿಸಿಕೊಳ್ಳುವ ಹಾಗಿಲ್ಲ.

"ಏನು ಕಂಡರೂ ಚಂದ ಉಂಟು ಅಂತ ಮಾತ್ರ ಹೇಳಬೇಡ ಮಾರಾಯ್ತಿ, ರೇಟು ಏರ್ತದೆ" ಎಂದು ದಾರಿಯುದ್ದಕ್ಕೂ ಪಾಠ ಹೇಳಿದ್ದ. ಸಾಲದ್ದಕ್ಕೆ ಪಕ್ಕದ ಮನೆಯ ಮಾರ್ತಾಂಡರಾಯರನ್ನೂ ಕರೆತಂದಿದ್ದ. ಧಾರವಾಡ ಕಡೆಯ ಈ ರಾಯರು ಊರಿನವರ ಮದುವೆಯೂಟದಲ್ಲೆಲ್ಲ ತಪ್ಪು ಹುಡುಕಿ ಕೈಪಳಗಿದವರು. ಪುಣೆಗೆ ಬಂದ ಮೇಲೆ ಅದನ್ನು ಮರಾಠಿಯಲ್ಲೂ ಮಾಡುತ್ತಿದ್ದರು.

ಮನೆಯೊಡತಿ ಸಾಯಲಿ ಟೀಚರ್ ಶಾಲೆಯಲ್ಲಿ ಚಿತ್ರ ಕಲಿಸುವವರು, ವರ್ಗವಾಗಿ ನಾಸಿಕಕ್ಕೆ ಹೊರಟಿದ್ದರು. ಅವರು ಗೇಟು ತೆಗೆದದ್ದೇ ಹಲಸಿನ ಮರ ಕಂಡು ಕುಸುಮಳ ಬಾಯಿ ತೆರೆಯಿತು. ಮೋಹನದಾಸ್ ಅವಳ ಕಾಲು ತುಳಿದ. ತೆರೆದ ಬಾಯಿಯನ್ನು ಅವಳು ಹೇಗೋ ಆಕಳಿಕೆ ಮಾಡಿ ಮುಚ್ಚಿದಳು.

ರಾಯರು ಕೊಡೆಯ ಹಿಡಿಯಿಂದ ಗೋಡೆಗಳನ್ನು ಬಡಿಯುತ್ತ ಹೋದರು. ಗಾರೆ ಉದುರಿದರೆ ಗೋಡೆ ಹಾಳು, ಉದುರದಿದ್ದರೆ ಒಳಗೊಳಗೇ ಹಾಳು ಎಂಬುದು ಅವರ ತೀರ್ಪು. ಹಲಸಿನ ಬೇರು ತಳಪಾಯವನ್ನೇ ಎತ್ತುತ್ತದೆ ಎಂದರು. ಬಾವಿಯ ನೀರಿಗೆ ವಾಸನೆ ಎಂದು ಎರಡು ತಂಬಿಗೆ ಕುಡಿದರು. ತಾನೂ ಹಿಂದೆ ಬೀಳಬಾರದೆಂದು ಮೋಹನದಾಸ್, ಈ ಬಾಗಿಲು ಊದಿದರೆ ಬಿದ್ದೀತು ಎನ್ನುತ್ತ ಸಾಗುವಾನಿ ಬಾಗಿಲಿಗೆ ಭುಜ ಕೊಟ್ಟ. ಬಾಗಿಲು ಮಿಸುಕಲಿಲ್ಲ, ಭುಜ ಉಳುಕಿತು. ನೋವು ನುಂಗಿ, ಟೀಚರ್ ಬೀಗ ತೆಗೆದ ಮೇಲೆ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರೆ ನೆಲದ ತಂಪು ಅಂಗಾಲಿನಿಂದ ನೆತ್ತಿಗೇರಿತು. ಆ ಸುಖಕ್ಕೆ ಅರೆಗಳಿಗೆ ಕಣ್ಣು ಮುಚ್ಚಿದವನು ತಟ್ಟನೆ ಎಚ್ಚೆತ್ತು, ಇಂಥ ನೆಲದಲ್ಲಿ ನಡೆದರೆ ಶೀತವಾಗುತ್ತದೆ ಎಂದ.

ಟೀಚರ್ ಎಲ್ಲಕ್ಕೂ ಹೌದೇ, ಹೌದೇ ಎನ್ನುತ್ತ ತಮ್ಮ ಮನೆಯನ್ನೇ ಹೊಸದಾಗಿ ನೋಡುತ್ತಿದ್ದರು. ಚಹಾ ಕೊಟ್ಟು, ಕೊಂಡ ಮೇಲೆ ಮನೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಕಾಯಿ ಒಡೆಯುವ ಹೊತ್ತು ಬಂತೆಂದು ಮೋಹನದಾಸ್ ಹಿಗ್ಗಿದ.

"ಕೆಡವೋದೇ ಮೇಡಂ, ಮತ್ತೇನು? ಮನೆಗೆ ಚಿಕ್ಕಾಸಿನ ಬೆಲೆಯಿಲ್ಲ. ಮಣ್ಣಿಗೆ ಏನಾದರೂ ಕೊಡಬಹುದು" ಎಂದು ಮರಾಠಿಯಲ್ಲಿ ಹೇಳಿ ತುಟಿ ಒರೆಸಿಕೊಂಡ.

ಟೀಚರ್ ಕಪ್ಪು ಕೆಳಗಿಟ್ಟು ಫೋನು ಎತ್ತಿಕೊಂಡರು. ಬಿಲ್ಡರೊಬ್ಬ ವರ್ಷದಿಂದ ಇದರ ಬೆನ್ನು ಬಿದ್ದಿದ್ದನಂತೆ. ಅಪ್ಪ ಕಟ್ಟಿಸಿದ ಮನೆ, ಬಾಳಿ ಬದುಕುವವರಿಗೇ ಕೊಡಬೇಕೆಂದು ಅವನನ್ನು ಅಟ್ಟಿದ್ದರಂತೆ. ಅದಕ್ಕೇ ಅಷ್ಟು ಕಡಿಮೆ ಬೆಲೆ ಹೇಳಿದ್ದು, ಇನ್ನೂ ಇಳಿಸುವುದಕ್ಕೂ ತಯಾರಿದ್ದರಂತೆ.

"ಉಳಿಸುವಂಥದ್ದು ಏನೂ ಇಲ್ಲ ಅಂತ ನೀವೇ ತೋರಿಸಿಕೊಟ್ಟಿರಿ. ಮನಸ್ಸು ಹಗುರಾಯಿತು. ಕೆಡವುವುದೇ ಆದರೆ ಅವನೇ ಕೆಡವಲಿ, ದುಪ್ಪಟ್ಟು ಕೊಡುತ್ತಾನೆ."

ಕುಸುಮಳ ಕಟ್ಟೆ ಒಡೆಯಿತು. ಮರ, ಬಾವಿ, ನೆಲ, ಬಾಗಿಲು ಎಲ್ಲವನ್ನೂ ಹರುಕು ಮರಾಠಿಯಲ್ಲಿ ಹೊಗಳಿದಳು, ಮರಾಠಿ ಮುಗಿದಾಗ ಮನೆಮಾತಾದ ತುಳುವಿನಲ್ಲಿ ಹೊಗಳಿದಳು, ಕೊನೆಗೆ ಅತ್ತೇಬಿಟ್ಟಳು. ಮೋಹನದಾಸನೂ ತಲೆಯಾಡಿಸಿ, ಮೊದಲ ನೋಟಕ್ಕೇ ಮನಸೋತಿದ್ದೆವು ಎಂದು ಆಣೆಯಿಟ್ಟ. ಅವನ ಬಾಳಿನಲ್ಲಿ ವ್ಯಾಪಾರದ ನಡುವೆ ಆಡಿದ ಮೊದಲ ಸತ್ಯ ಅದು.

"ಬಿಲ್ಡರ್ ಹೆಸರು ಕೇಳಿದ ಮೇಲೆ ಮನೆ ಚಂದ ಕಂಡಿತೇ?" ಎಂದು ಟೀಚರ್ ನಕ್ಕು, ಗೇಟಿನವರೆಗೂ ಬಂದು ಮರ್ಯಾದೆಯಿಂದಲೇ ಬೀಳ್ಕೊಟ್ಟು ಚಿಲಕ ಹಾಕಿಕೊಂಡರು.

ಗಂಡ ಹೆಂಡಿರು ಹಲಸಿನ ಮರವನ್ನು ತಿರುತಿರುಗಿ ನೋಡುತ್ತ ನಡೆದರು. ರಾಯರು ಮಾತ್ರ ಕೊಡೆ ಬೀಸುತ್ತ ಖುಷಿಯಲ್ಲಿದ್ದರು.

"ನಮ್ಮ ಮಾತಿನ ತೂಕ ನೋಡಿದ್ರಿಲ್ಲೋ ಮೋಹನದಾಸ್? ಆಕಿ ಎದುರು ಒಂದು ಮಾತು ಆಡಲಿಲ್ಲರಿ. ನಾವು ಹೇಳಿದ್ದೆಲ್ಲಾ ಭಾಳ ಛಲೋ ನಂಬಿದ್ಲು."