ಸೊಸೆಯ ಚೀಲದ ಅರ್ಧ ಕಿಲೋ

ಆಸ್ಪತ್ರೆಯ ತೂಕದ ಮೆಷಿನು ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಸೊಸೆಯ ತಲೆ. ನಡೆದದ್ದು ಇಷ್ಟೇ.

ಹೊರದೇಶದಲ್ಲಿ ಅವಳ ಉದ್ಯೋಗವೇ ತೂಗುವುದು. ಅಕ್ಕಿಯಲ್ಲ, ಮೆಣಸಲ್ಲ, ಪರಮಾಣುವಿನ ಹೊಟ್ಟೆಯೊಳಗಿನ ಬೀಜಕೇಂದ್ರ! ಅದರಲ್ಲೂ ನ್ಯೂಟ್ರಾನ್ ಎಂಬುದು ವಿಪರೀತ ತುಂಬಿ, ತಾಳಲಾರದೆ ಅಳಿದುಹೋಗುವ ಜಾತಿಯದ್ದೇ ಆಗಬೇಕು. ಅಯಸ್ಕಾಂತದ ನಡುವೆ ಹಿಡಿದು ಗಿರಗಿರನೆ ಸುತ್ತಿಸುತ್ತಾರಂತೆ; ಹಗುರದ್ದು ಬೇಗ ಸುತ್ತುತ್ತದೆ, ಭಾರದ್ದು ನಿಧಾನ. ಇದಕ್ಕೆ ಸಂಬಳ ಬೇರೆ!

"ಎಷ್ಟು ಹೊತ್ತು ಇರ್ತದೆ ಮಾರಾಯ್ತಿ ಅದು?"

"ಕಣ್ಣು ಮುಚ್ಚಿ ತೆರೆಯುವಾಗ ಇಲ್ಲ ಅತ್ತೆ. ಆದರೆ ನಕ್ಷತ್ರಗಳು ಡಿಕ್ಕಿ ಹೊಡೆದು ಚಿನ್ನ ಹೇಗಾಯ್ತು ಅಂತ ಗೊತ್ತಾಗ್ಬೇಕಾದ್ರೆ ಅದರ ತೂಕ ಬೇಕು."

"ಚಿನ್ನದ ವಿಷಯ ಮೂಡಬಿದಿರೆ ಪೇಟೆಯಲ್ಲಿ ಕೇಳಿದ್ರೆ ಸಾಕಿತ್ತಲ್ಲ!"

ಗೊತ್ತಿರುವ ತೂಕವೊಂದನ್ನು ಮೊದಲೂ ಆಮೇಲೂ ತೂಗಿ ನೋಡದೆ ನಡುವಿನದ್ದನ್ನು ನಂಬಬಾರದು ಎಂಬುದು ಅವರ ಕಸುಬಿನ ನೇಮ. ಅದಕ್ಕೇ ಹೆರಿಗೆಗೆ ಊರಿಗೆ ಬಂದವಳ ಚೀಲದಲ್ಲಿ ಸದಾ ಕಬ್ಬಿಣದ ಅರ್ಧ ಕಿಲೋ ತೂಕದ ಬಟ್ಟು. ಮೆಲ್ಕಾರಿನಲ್ಲಿ ಮೀನಿನವಳ ಮೆಷಿನಿನ ಮೇಲೆ ಅದನ್ನಿಟ್ಟಳು, ಬಂಗುಡೆ ಇಡಿಸಿದಳು, ಪುನಃ ಅದನ್ನಿಟ್ಟಳು.

ಮೀನಿನವಳು ನನ್ನ ಕಡೆ ತಿರುಗಿದಳು. "ಎಂಥ ಅಕ್ಕ, ನಿಮ್ಮ ಸೊಸೆ ಸಾರು ಮಾಡುವುದು ಬಂಗುಡೆಯದ್ದಾ, ಕಬ್ಬಿಣದ್ದಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ!

ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದವಳು, ಅಂಗೈಯಷ್ಟು. ತೂಕ ಏರದಿದ್ದರೆ ಪುನಃ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಬಂಟ್ವಾಳದ ಡಾಕ್ಟರು ಹೇಳಿದ್ದರು. ತೂಗಿಸಲು ಹೋದ ದಿನ ನರ್ಸ್ ಮಗುವನ್ನು ಎತ್ತಿಕೊಂಡದ್ದೇ ತಡ, ಸೊಸೆ ಬೊಬ್ಬೆ ಹಾಕಿದಳು: "ನಿಲ್ಲಿ! ಮೆಷಿನ್ ಸರಿ ಇಲ್ಲ!" ಬಟ್ಟು ಇಟ್ಟಳು. ಅರ್ಧ ಕಿಲೋ. ತೆಗೆದು ಪುನಃ ಇಟ್ಟಳು. ಅರ್ಧ ಕಿಲೋ. "ಸರಿ ಇಲ್ಲ" ಎಂದವಳೇ ಮಗುವನ್ನು ಕಸಿದುಕೊಂಡು ಹೊರಗೆ! ಇಡೀ ಆಸ್ಪತ್ರೆ ನಮ್ಮನ್ನೇ ನೋಡುತ್ತಿತ್ತು.

ಮನೆಗೆ ಹೋಗುವ ವಾಮದಪದವಿನ ಬಸ್ಸಿನಲ್ಲಿ ಚೆನ್ನಾಗಿ ಬೈದೆ. "ಕಣ್ಣಿಗೆ ಕಾಣದ್ದನ್ನೆಲ್ಲ ತೂಗ್ತೀ, ಸ್ವಂತ ಮಗುವನ್ನು ತೂಗ್ಲಿಕ್ಕೆ ಎಂಥ ದಾಡಿ ನಿನಗೆ?"

ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. "ನಾನು ತೂಗಿದ್ದು ಒಂದೂ ಉಳೀಲಿಲ್ಲ ಅತ್ತೆ."



ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರನ್ನೂ ಹೊರಡಿಸಿಕೊಂಡು ಆಸ್ಪತ್ರೆಗೆ ಹೋದೆ. ಬಟ್ಟನ್ನು ನಾನೇ ಮೆಷಿನಿನ ಮೇಲಿಟ್ಟೆ. ಆಮೇಲೆ ಮಗುವನ್ನು. ಆಮೇಲೆ ಪುನಃ ಬಟ್ಟನ್ನು. ಸೊಸೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ತೂಕ ಏರಿದೆ ಎಂದು ನರ್ಸ್ ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಕಿರುಚುತ್ತಿದ್ದ ಮಗುವನ್ನು ತಂದು ಅವಳ ಕೈಗೆ ಹಾಕಿದೆ.

"ತೂಗಿ ಆಯ್ತು. ನೋಡು, ಇನ್ನೂ ಉಂಟು."