ಮುಖಕ್ಕೆ ಪಿಲ್ಲರ್ ಹಾಕಿಸಿದ್ದು

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಚುಚ್ಚಿ ರಕ್ತ ಎಳೆಯುವುದು ನನ್ನ ವೃತ್ತಿ. ಹೋದ ತಿಂಗಳು ಒಬ್ಬ ಗಂಡಸು ಬಂದ. ಅವನ ಗಡ್ಡವೇ ಅರ್ಧ ನರೆತಿತ್ತು. ಅಂಥವನು ತೋಳು ಚಾಚಿ, ಕಣ್ಣು ಮುಚ್ಚಿಕೊಂಡು, “ದೊಡ್ಡಮ್ಮ, ಸ್ವಲ್ಪ ಮೆಲ್ಲಗೆ ಚುಚ್ಚಿ” ಎಂದ.

ನಾನು ಮೆಲ್ಲಗೆ ಚುಚ್ಚಲಿಲ್ಲ.

ಮನೆಗೆ ಬಂದವಳೇ ಬಚ್ಚಲಿನ ಕನ್ನಡಿಯ ಮುಂದೆ ನಿಂತೆ. ಮೂಗಿನ ಎರಡೂ ಪಕ್ಕದಿಂದ ಬಾಯಿಯ ಅಂಚಿನವರೆಗೆ ಯಾರೋ ಕಾಲುವೆ ತೋಡಿದ್ದರು. ಕಣ್ಣ ಕೆಳಗೆ ಗುಂಡಿಗಳು. ಕೆನ್ನೆ ಇದ್ದ ಜಾಗದಲ್ಲಿ ಕೆನ್ನೆಯ ನೆನಪಷ್ಟೇ ಉಳಿದಿತ್ತು. (ಕೂದಲು ಮೂವತ್ತಕ್ಕೇ ಬೆಳ್ಳಗಾಗಿದ್ದು. ಬಣ್ಣ ಹಚ್ಚಿದರೆ ತಲೆಯೆಲ್ಲ ತುರಿಕೆ.)

“ರೀ, ನನ್ನ ಮುಖದಲ್ಲಿ ಏನಾದ್ರೂ ಬದಲಾವಣೆ ಕಾಣ್ತಿದೆಯಾ?” ಎಂದು ಗಂಡನನ್ನು ಕೇಳಿದೆ.

ನನ್ನ ಗಂಡನದು ಕನ್ನಡಕದ ಅಂಗಡಿ. ಕಂಡವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ಮಹಾನುಭಾವರು. ಪೇಪರಿನಿಂದ ತಲೆ ಎತ್ತಿ ನನ್ನನ್ನು ದಿಟ್ಟಿಸಿ ನೋಡಿ, “ಹೊಸ ಕನ್ನಡಕನಾ?” ಎಂದರು.

ನಾನು ಕನ್ನಡಕ ಹಾಕುವುದೇ ಇಲ್ಲ.

ಆ ಕ್ಷಣವೇ ತೀರ್ಮಾನ ಮಾಡಿದೆ. ನಮ್ಮ ಲ್ಯಾಬಿನ ಮೇಲಿನ ಮಹಡಿಯಲ್ಲೇ ಚರ್ಮದ ಡಾಕ್ಟರ ಕ್ಲಿನಿಕ್ ಇದೆ. ಅಲ್ಲಿ ಕತ್ತಿ, ಕತ್ತರಿ, ಹೊಲಿಗೆ ಏನೂ ಇಲ್ಲದೆ, ಚರ್ಮದ ಕೆಳಗೆ ಜೆಲ್ಲಿಯಂಥ ಔಷಧಿ ತುಂಬಿ ಮುಖವನ್ನು ಪುನರುದ್ಧಾರ ಮಾಡುತ್ತಾರಂತೆ. ಅದರ ಹೆಸರು ಫಿಲ್ಲರ್. ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ.

“ಪಿಲ್ಲರ್ರಾ?” ಎಂದರು ಅತ್ತೆ. “ಮುಖದ ಮೇಲೆ ಇನ್ನೊಂದು ಮಹಡಿ ಕಟ್ಟಿಸ್ತೀಯಾ?”

“ಪಿಲ್ಲರ್ ಅಲ್ಲ ಅತ್ತೆ, ಫಿಲ್ಲರ್. ಸಡಿಲ ಆದ ಕಡೆ ತುಂಬಿಸ್ತಾರೆ.”

ಅತ್ತೆ ಆಯುಷ್ಯವೆಲ್ಲ ಟೈಲರಿಂಗ್ ಮಾಡಿದವರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿ, “ಸಡಿಲ ಆದ್ರೆ ಹಿಡಿದು ಹೊಲೀಬೇಕು ಕಣೆ. ಒಳಗೆ ತುಂಬಿಸೋದು ದಿಂಬಿಗೆ” ಎಂದರು. ಆಮೇಲೆ ತುತ್ತನ್ನು ಮತ್ತೆ ಎತ್ತಿಕೊಂಡು, “ಯಾವತ್ತು ಹೋಗ್ತೀಯ? ನಾನೂ ಬರ್ತೀನಿ, ಜೊತೆಗೆ ಒಬ್ರು ಇರ್ಲಿ” ಎಂದರು.

ಹೀಗೆ ಅತ್ತೆ ಸೊಸೆಯರ ಸವಾರಿ ಕ್ಲಿನಿಕ್ಕಿಗೆ ಹೋಯಿತು. ಡಾಕ್ಟರಮ್ಮನ ಮುಖ ಸಿಪ್ಪೆ ಬಿಡಿಸಿದ ಮೊಟ್ಟೆಯಂತಿತ್ತು. ಬಿಪಿ, ಶುಗರ್, ಅಲರ್ಜಿ ಎಲ್ಲ ವಿಚಾರಿಸಿದರು. ಒಂದೆರಡು ದಿನ ಊತ ಇರುತ್ತದೆ, ಅಲ್ಲಲ್ಲಿ ನೀಲಿಗಟ್ಟಬಹುದು, ವರ್ಷ ಕಳೆಯುವಷ್ಟರಲ್ಲಿ ಔಷಧಿ ತಾನಾಗಿಯೇ ಕರಗುತ್ತದೆ ಎಂದರು. ಮರಗಟ್ಟಿಸುವ ಕ್ರೀಮು ಬಳಿದು ನನ್ನನ್ನು ಒರಗು ಕುರ್ಚಿಯಲ್ಲಿ ಮಲಗಿಸಿದರು. ಆಮೇಲೆ ಸೂಜಿ ತೆಗೆದರು.

ದಿನಬೆಳಗಾದರೆ ಸೂಜಿಯ ಹಿಂಬದಿಯನ್ನಷ್ಟೇ ನೋಡುತ್ತಿದ್ದ ನನಗೆ ಅದರ ಮುಂಬದಿ ಅಷ್ಟು ಚೂಪು ಎಂದು ಗೊತ್ತಿರಲಿಲ್ಲ. ಅದು ಕಣ್ಣಿನ ಹತ್ತಿರಕ್ಕೆ ಬಂದದ್ದೇ ತಡ, “ಡಾಕ್ಟ್ರೇ, ಒಂದು ನಿಮಿಷ, ನೀರು ಕುಡಿದು ಬರ್ತೀನಿ” ಎಂದು ಎದ್ದವಳು ಮೆಟ್ಟಿಲಿಳಿದು ಸೀದಾ ನಮ್ಮ ಲ್ಯಾಬಿಗೆ ಬಂದು ಬಿದ್ದೆ. ಸಹೋದ್ಯೋಗಿ ಚಹಾ ಕೊಟ್ಟಳು. ಅದು ಗಲ್ಲದ ಮೇಲೆಲ್ಲ ಸುರಿಯಿತು. (ಮರಗಟ್ಟಿದ ಮುಖಕ್ಕೆ ಬಾಯಿ ಎಲ್ಲಿದೆಯೆಂದೇ ತಿಳಿಯಲಿಲ್ಲ.)

ಗಂಟೆ ಕಳೆದು, ಜೀವಕ್ಕೆ ಸಮಾಧಾನವಾಗಿ ಮತ್ತೆ ಮೇಲೆ ಹೋಗಿ ನೋಡಿದರೆ ಕುರ್ಚಿಯಲ್ಲಿ ಅತ್ತೆ.

ಡಾಕ್ಟರಮ್ಮ ಅವರ ಎಡಗೆನ್ನೆಯ ಕೆಲಸ ಮುಗಿಸಿ ಬಲಕ್ಕೆ ಹೊರಳುತ್ತಿದ್ದರು. ಒಂದು ಕಡೆ ಮಗಳು, ಇನ್ನೊಂದು ಕಡೆ ತಾಯಿ ಕೂತು ಫೋಟೊ ತೆಗೆಸಿಕೊಂಡಂತಿತ್ತು ಆ ಮುಖ.

“ಅತ್ತೆ, ಇದೇನಿದು?”

“ನೀನು ನೀರು ಕುಡಿಯೋಕೆ ಕೆರೆಗೇ ಹೋದ್ಯೇನೋ ಅಂದ್ಕೊಂಡೆ” ಎಂದರು ಅರ್ಧ ಬಾಯಲ್ಲಿ. “ಡಾಕ್ಟರು ಪಾಪ ಸುಮ್ನೆ ಕೂತಿದ್ರು. ಮಾತಾಡ್ತಾ ಮಾತಾಡ್ತಾ ನನ್ನ ಮುಖಾನೂ ನೋಡಿದ್ರು. ಜೀವಮಾನವೆಲ್ಲ ಸೂಜಿ ಹಿಡಿದವಳು ನಾನು, ಇದಕ್ಕೆಲ್ಲ ಹೆದರ್ತೀನಾ?”

“ಇವರದು ಮುಗೀತಾ ಬಂತು. ಆಮೇಲೆ ನೀವು ಕೂತ್ಕೊಳ್ತೀರಾ?” ಎಂದರು ಡಾಕ್ಟರಮ್ಮ.

“ನಂಗೆ ಡ್ಯೂಟಿ ಇದೆ” ಎಂದೆ.

ಎರಡು ದಿನ ಅತ್ತೆಯ ಮುಖ ಊದಿಕೊಂಡು ಅಲ್ಲಲ್ಲಿ ನೀಲಿಗಟ್ಟಿತ್ತು. ನಾನು ಬಟ್ಟೆಯಲ್ಲಿ ಐಸು ಸುತ್ತಿ ಮೆಲ್ಲಗೆ ಇಡುತ್ತಾ, “ಅಯ್ಯೋ ಪಾಪ” ಎನ್ನುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಎರಡು ದಿನ ನನಗೆ ನಿದ್ದೆ ಚೆನ್ನಾಗಿ ಬಂತು. ಮೂರನೆಯ ಬೆಳಗ್ಗೆ ಊತ ಇಳಿಯಿತು. ತಿಂಡಿಗೆ ಬಂದ ಅತ್ತೆಯನ್ನು ಕಂಡು ನನ್ನ ಕೈಯ ಸೌಟು ಕೆಳಗೆ ಬಿತ್ತು. ಕೆನ್ನೆ ತುಂಬಿದೆ, ಕಣ್ಣು ಹೊಳೆಯುತ್ತಿದೆ. ಇನ್ನು ಅವರ ಕೂದಲೋ, ಮೊದಲಿಂದಲೂ ಕಪ್ಪೇ.

ನನ್ನ ಗಂಡ ಪೇಪರು ಮಡಚಿಟ್ಟರು. ಮದುವೆಯಾದಂದಿನಿಂದ ಅವರು ತಾವಾಗಿ ಪೇಪರು ಮಡಚಿದ್ದನ್ನು ನಾನು ಕಂಡಿರಲಿಲ್ಲ.

“ಅಮ್ಮ, ಏನಿವತ್ತು ಮುಖ ಇಷ್ಟು ಕಳೆಕಳೆಯಾಗಿದೆ?”

“ನನ್ನ ಮುಖ ಯಾವತ್ತಾದ್ರೂ ಹಾಗೆ ಕಂಡಿದೆಯಾ ನಿಮಗೆ?” ಎಂದೆ.

“ನಿನ್ನದು ಯಾವಾಗ್ಲೂ ಒಂದೇ ತರ ಕಣೆ” ಎಂದರು. ಹೊಗಳಿದೆನೆಂದು ಭಾವಿಸಿದ್ದರು.

ಆ ವಾರವೇ ಅಂಗಡಿ ದೊಡ್ಡ ಜಾಗಕ್ಕೆ ಬದಲಾಯಿತು. ಮನೆಯವರದೆಲ್ಲ ಒಂದು ಫೋಟೊ ಅಂಗಡಿಯ ಗೋಡೆಗೆ ಬೇಕೆಂದು ಗಂಡನಿಗೆ ಆಸೆ. ಫೋಟೊಗ್ರಾಫರ್ ಒಂದೇ ಒಂದು ಕುರ್ಚಿ ತಂದು ನಡುವೆ ಇಟ್ಟು, “ದೊಡ್ಡವರು ಕೂತ್ಕೊಳ್ಳಲಿ” ಎಂದು ನನ್ನ ಮೊಣಕೈ ಹಿಡಿದು ಜೋಪಾನವಾಗಿ ಕೂರಿಸಿದ. ಅತ್ತೆ ಈಗ ತಿದ್ದುತ್ತಾರೆ, ಈಗ ತಿದ್ದುತ್ತಾರೆ ಎಂದು ಕಾದೆ.

“ಅವಳೇ ಕೂರ್ಲಿ ಬಿಡಪ್ಪ” ಎಂದರು ಅತ್ತೆ. “ಲ್ಯಾಬಿನಲ್ಲಿ ನಿಂತು ನಿಂತು ಪಾಪ ಕಾಲು ನೋವು.” ಹಾಗೆನ್ನುತ್ತ ನನ್ನ ಹಿಂದೆ ನಿಂತು, ಹೆಗಲ ಮೇಲೆ ನಯವಾಗಿ ಕೈಯಿಟ್ಟರು.

ಬಾಗಿಲೊಳಗೆ ಕಾಲಿಟ್ಟವರ ಕಣ್ಣಿಗೆ ರಾಚುವಂತೆ ಫೋಟೊ ಗೋಡೆ ಏರಿತು. ನಿನ್ನೆ ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಅವರು ಒಳಗೆ ಯಾವುದೋ ಫ್ರೇಮಿನ ತಿರುಪು ಬಿಗಿಯುತ್ತಿದ್ದರು. ಮುಂದೆ ಒಬ್ಬ ಗಿರಾಕಿ ಹೆಂಗಸು ಫೋಟೊ ನೋಡುತ್ತ ನಿಂತಿದ್ದಳು. ಒಮ್ಮೆ ಗೋಡೆಯನ್ನು, ಒಮ್ಮೆ ನನ್ನನ್ನು ನೋಡಿ ಕೈ ಮುಗಿದಳು.

“ಮಗನ್ನ ಚೆನ್ನಾಗಿ ಮುಂದೆ ತಂದಿದ್ದೀರಮ್ಮ. ಸೊಸೇನೂ ಎಷ್ಟು ಲಕ್ಷಣವಾಗಿದ್ದಾಳೆ.”

ಕಣ್ಣು ಸರಿಯಿಲ್ಲದವಳು ಎಂದುಕೊಳ್ಳೋಣವೆಂದರೆ, ನನ್ನ ಗಂಡನೇ ಆಗಷ್ಟೇ ಪರೀಕ್ಷಿಸಿ ಕೊಟ್ಟ ಹೊಸ ಕನ್ನಡಕ ಅವಳ ಮೂಗಿನ ಮೇಲಿತ್ತು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

“ಹೌದಮ್ಮ” ಎಂದೆ. “ನಮ್ಮ ಹುಡುಗಿ ಬಹಳ ಒಳ್ಳೆಯವಳು.”